ನೆಲಕ್ಕೆ ಬೀಳದ ಸ್ಟಾಪರ್: ದಾವಣಗೆರೆಯ ಹುಡುಗಿಯೊಬ್ಬಳ ಆಟ ಬೆಳೆದ ಬಗೆ

ಕಳೆದ ವರ್ಷ ನಮ್ಮೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಣ್ಣ ವಿಡಿಯೊ ಓಡಾಡಿತು. ಹತ್ತು ಸೆಕೆಂಡಿನದ್ದಿರಬೇಕು. ಎದುರಾಳಿ ತಂಡದ ಫಾರ್ವರ್ಡ್ ಒಬ್ಬಳೇ ಚೆಂಡು ತಳ್ಳಿಕೊಂಡು ಗೋಲಿನ ಕಡೆ ನುಗ್ಗುತ್ತಿದ್ದಾಳೆ. ಪಕ್ಕದಿಂದ ಓಡಿಬಂದ ನಮ್ಮ ದಾವಣಗೆರೆಯ ಹುಡುಗಿ ನೆಲಕ್ಕೆ ಬಿದ್ದು, ಜಾರಿ, ಚಾಚಿದ ಕಾಲಲ್ಲಿ ಚೆಂಡನ್ನು ಗೆರೆಯಾಚೆ ಕಳಿಸುತ್ತಾಳೆ. ಎದ್ದು ನಿಂತಾಗ ಮೊಣಕಾಲಿನಿಂದ ತೊಡೆಯವರೆಗೂ ಮಣ್ಣು. ಬೆಂಕಿ, ಚಪ್ಪಾಳೆ, ಹುಲಿಯ ಚಿತ್ರ ಎಲ್ಲ ಹಾಕಿ ಜನ ಕೊಂಡಾಡಿದರು. ಮೊದಲ ಸಲ ನೋಡಿದಾಗ ನಾನೂ ಕುರ್ಚಿಯಿಂದ ಎದ್ದಿದ್ದೆ.

ನಾಲ್ಕನೇ ಸಲ ನೋಡುವಾಗ ಕಣ್ಣು ಬೇರೆ ಕಡೆ ಹೋಯಿತು. ವಿಡಿಯೊ ಶುರುವಾದ ಕ್ಷಣದಲ್ಲಿ ಆಕೆ ನಿಂತಿರುವುದು ಎಲ್ಲಿ? ತಾನು ಕಾಯಬೇಕಾದ ಫಾರ್ವರ್ಡ್‌ಗಿಂತ ಮೂರು ಹೆಜ್ಜೆ ಮುಂದೆ. ಚೆಂಡನ್ನೇ ದಿಟ್ಟಿಸುತ್ತಿದ್ದಾಳೆ, ಬೆನ್ನ ಹಿಂದೆ ಯಾರಿದ್ದಾರೆ ಎಂಬ ಗಮನವೇ ಇಲ್ಲ. ಆ ಮೂರು ಹೆಜ್ಜೆಯ ಸಾಲ ತೀರಿಸುವುದಕ್ಕೆ ನೆಲಕ್ಕೆ ಬೀಳಬೇಕಾಯಿತು. ಒಂದು ಅಂಗುಲ ತಪ್ಪಿದ್ದರೆ ಪೆನಾಲ್ಟಿ, ಕೆಂಪು ಕಾರ್ಡೂ ಬರಬಹುದಿತ್ತು. ಊರೆಲ್ಲ ಮೆಚ್ಚಿದ ಆ ಹತ್ತು ಸೆಕೆಂಡು, ಅದಕ್ಕೂ ಹಿಂದಿನ ಎರಡು ಸೆಕೆಂಡಿನ ತಪ್ಪಿಗೆ ಹಚ್ಚಿದ ತೇಪೆ.

ಈಚೆಗೆ ಅದೇ ಹುಡುಗಿ ಆಡಿದ ಒಂದು ಇಡೀ ಪಂದ್ಯದ ರೆಕಾರ್ಡಿಂಗ್ ಕೂತು ನೋಡಿದೆ. ತೊಂಬತ್ತು ನಿಮಿಷದಲ್ಲಿ ಒಂದೇ ಸಲ ನೆಲ ಮುಟ್ಟಿದಳು, ಅದೂ ಕಾರ್ನರ್ ಕಿಕ್ ಹೊತ್ತಲ್ಲಿ ಯಾರೋ ತಳ್ಳಿದ್ದಕ್ಕೆ. ಯಾರಿಗಾದರೂ ಕಳಿಸೋಣವೆಂದರೆ ಅದರಲ್ಲಿ ಹತ್ತು ಸೆಕೆಂಡಿನ ತುಣುಕೂ ಸಿಗಲಿಲ್ಲ. ಒಂದು ವರ್ಷದಲ್ಲಿ ಆಕೆ ಎಷ್ಟು ಬೆಳೆದಿದ್ದಾಳೆ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಇದೇ.

ಆಕೆಯ ಹೆಸರು ಬರೆಯುವುದಿಲ್ಲ. ಇನ್ನೂ ಹದಿನೆಂಟು ತುಂಬಿಲ್ಲ, ಪಿಯುಸಿ ಎರಡನೇ ವರ್ಷ. ಬೆಂಗಳೂರಿನ ಒಂದು ಮಹಿಳಾ ಕ್ಲಬ್‌ನಲ್ಲಿ ಆಡುತ್ತಿದ್ದಾಳೆ. ಹಳಬರು ಸ್ಟಾಪರ್ ಅಂತಾರಲ್ಲ, ಗೋಲ್‌ಕೀಪರ್ ಮುಂದೆ ನಡುವಿನಲ್ಲಿ ನಿಲ್ಲುವ ಜಾಗ, ಅದು ಅವಳದು. ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕಿದ್ದಾರೆ, ಅಮ್ಮ ಮನೆಯಲ್ಲೇ ಹೊಲಿಗೆ ಹಾಕುತ್ತಾರೆ. ಬೆಳಗಿನ ಹೊತ್ತು ಮಕ್ಕಳಿಗೆ ಆಟ ಹೇಳಿಕೊಡುವವರ ಜೊತೆ ನಾನೂ ಮೈದಾನದಲ್ಲಿ ನಿಲ್ಲುವವನಾದ್ದರಿಂದ ಆಕೆಯನ್ನು ಹನ್ನೆರಡರ ವಯಸ್ಸಿನಿಂದ ನೋಡಿದ್ದೇನೆ. ಆಗ ಬಂದದ್ದು ಫುಟ್‌ಬಾಲ್‌ಗೆಂದಲ್ಲ, ಕಬಡ್ಡಿಗೆ.

ಇದು ಮುಖ್ಯ ಅನ್ನಿಸುತ್ತದೆ ನನಗೆ. ದಾವಣಗೆರೆ, ಚಿತ್ರದುರ್ಗದ ಕಡೆ ಹುಡುಗಿಯರು ಮೈದಾನಕ್ಕೆ ಇಳಿಯುವ ಬಾಗಿಲು ಕಬಡ್ಡಿ ಇಲ್ಲವೇ ಖೊಖೊ. ಶಾಲೆಯಲ್ಲಿ ಅದಕ್ಕೆ ಖರ್ಚಿಲ್ಲ, ಸುಣ್ಣದ ಗೆರೆ ಎಳೆದರೆ ಅಂಗಳ ಸಿದ್ಧ. ಈ ಹುಡುಗಿ ಎಡ ಕಾರ್ನರ್‌ನಲ್ಲಿ ನಿಲ್ಲುತ್ತಿದ್ದಳು. ರೈಡರ್ ಬೋನಸ್ ಗೆರೆಗೆ ಕಾಲು ಹಾಕುವ ಹೊತ್ತಿಗೆ ಕಣಕಾಲಿಗೆ ಬಿದ್ದು ಹಿಡಿಯುವುದು ಅವಳ ಹೆಸರುವಾಸಿ ಹಿಡಿತ. ಎದುರಿಗಿರುವವರ ಸೊಂಟ ನೋಡಿ ಕಾಲು ಯಾವ ಕಡೆ ಹೋಗುತ್ತದೆಂದು ತಿಳಿಯುವ ಕಲೆ ಅಲ್ಲೇ ಬಂತು. ಪಕ್ಕದವಳ ಕೈ ಹಿಡಿದು ಚೈನ್ ಕಟ್ಟಿ ಹಿಂದೆ ಮುಂದೆ ಸರಿಯುವ ಅಭ್ಯಾಸವೂ ಅಲ್ಲಿಯದೇ. ಫುಟ್‌ಬಾಲ್‌ನ ನಾಲ್ವರು ಡಿಫೆಂಡರ್‌ಗಳ ಸಾಲು ಕೈ ಹಿಡಿಯದೆ ಕಟ್ಟುವ ಚೈನ್ ಅಂದರೆ ತಪ್ಪಾಗದು. ಒಬ್ಬಳು ಮುಂದೆ ಹೋದರೆ ಮೂವರಿಗೆ ಗೊತ್ತಿರಬೇಕು, ಒಬ್ಬಳು ಹಿಂದೆ ಉಳಿದರೆ ಆಫ್‌ಸೈಡ್ (ಡಿಫೆಂಡರ್‌ಗಳ ಸಾಲು ದಾಟಿ ನಿಂತ ಎದುರಾಳಿಗೆ ಚೆಂಡು ಕೊಡಬಾರದೆಂಬ ನಿಯಮ) ಮುರಿದುಬೀಳುತ್ತದೆ.

ಆದರೆ ಕಬಡ್ಡಿ ಕೊಟ್ಟ ಒಂದು ಅಭ್ಯಾಸವೇ ಆಕೆಯನ್ನು ಎರಡು ವರ್ಷ ಹಿಂದಕ್ಕೆ ಎಳೆಯಿತು. ಕಾರ್ನರ್‌ನವಳಿಗೆ ಬೀಳುವುದೇ ಕೆಲಸ. ಬಿದ್ದು ಹಿಡಿದರೆ ಪಾಯಿಂಟ್, ಅಲ್ಲಿಗೆ ರೈಡ್ ಮುಗಿಯಿತು. ಫುಟ್‌ಬಾಲ್‌ನಲ್ಲಿ ಬಿದ್ದರೆ ಏನೂ ಮುಗಿಯುವುದಿಲ್ಲ. ಚೆಂಡು ಸಿಗದಿದ್ದರೆ ಫಾರ್ವರ್ಡ್ ನಿನ್ನನ್ನು ದಾಟಿ ಹೋಗಿರುತ್ತಾಳೆ, ನೀನು ಎದ್ದು ಓಡುವಷ್ಟರಲ್ಲಿ ಗೋಲ್‌ಕೀಪರ್ ಬಲೆಯಿಂದ ಚೆಂಡು ಎತ್ತುತ್ತಿರುತ್ತಾಳೆ. ಬೆಂಗಳೂರಿಗೆ ಹೋದ ಹೊಸದರಲ್ಲಿ ಕೋಚ್ ದಿನಕ್ಕೆ ಇಪ್ಪತ್ತು ಸಲ ಹೇಳುತ್ತಿದ್ದುದು ಒಂದೇ ಮಾತಂತೆ: ‘ಡೈವ್ ಮಾಡ್ಬೇಡ, ತಡಿ.’ ಫೋನಿನಲ್ಲಿ ನನ್ನ ಹತ್ತಿರ ಗೋಳಾಡಿದ್ದಳು. ‘ಸಾರ್, ಕಾಲು ತಾನೇ ಹೋಗಿಬಿಡ್ತೈತಿ. ಮನಸು ಬ್ಯಾಡ ಅಂತೈತಿ, ಕಾಲು ಕೇಳಲ್ಲ.’

ಅವಳಿಗೆ ಕೊನೆಗೆ ತಿಳಿದದ್ದು ಕಬಡ್ಡಿಯ ಇನ್ನೊಂದು ನಿಯಮದಿಂದಲೇ. ರೈಡರ್‌ಗೆ ಇರುವುದು 30 ಸೆಕೆಂಡು. ಹೊತ್ತು ಕಳೆದಷ್ಟೂ ಅವಳಿಗೆ ಅವಸರ, ಹಿಡಿಯುವವರಿಗೆ ಲಾಭ. ಫುಟ್‌ಬಾಲ್‌ನಲ್ಲಿ ಗಡಿಯಾರ ಕಾಣುವುದಿಲ್ಲ, ಆದರೆ ಲೆಕ್ಕ ಅದೇ. ಚೆಂಡು ಹಿಡಿದವಳನ್ನು ನಾಲ್ಕು ಸೆಕೆಂಡು ನಿಧಾನ ಮಾಡಿಸಿದರೆ ನಿನ್ನ ಕಡೆಯ ಇಬ್ಬರು ಹಿಂದಕ್ಕೆ ಓಡಿಬಂದು ಸೇರಿರುತ್ತಾರೆ. ಆಗ ಒಬ್ಬಳ ಎದುರು ಮೂವರು. ಬೀಳುವ ಅಗತ್ಯವೇ ಇಲ್ಲ. ಎದೆಯನ್ನು ನೇರ ಇಟ್ಟು ನಿಲ್ಲದೆ ಓರೆಯಾಗಿ, ಒಂದು ಕಾಲು ಹಿಂದೆ, ಮೊಣಕಾಲು ಸ್ವಲ್ಪ ಬಾಗಿಸಿ, ಒಂದೂವರೆ ಮಾರು ದೂರದಲ್ಲಿ ನಿಂತು ಫಾರ್ವರ್ಡ್‌ಳನ್ನು ಅವಳಿಗೆ ಒಗ್ಗದ ಕಾಲಿನ ಕಡೆಗೆ, ಇಲ್ಲವೇ ಅಂಚಿನ ಗೆರೆಯ ಕಡೆಗೆ ಮೆಲ್ಲನೆ ತಳ್ಳಿಕೊಂಡು ಹೋಗುವುದು. ದನ ಅಟ್ಟುವವರು ಹೀಗೇ ಮಾಡುತ್ತಾರೆ. ಎದುರು ನಿಂತು ತಡೆಯುವುದಿಲ್ಲ, ಪಕ್ಕದಲ್ಲಿ ನಡೆದು ದಾರಿ ಬದಲಿಸುತ್ತಾರೆ.

ಆ ಇಡೀ ಪಂದ್ಯದ ರೆಕಾರ್ಡಿಂಗ್ ನೋಡುವಾಗ ನಾನು ಒಂದು ಹುಚ್ಚು ಕೆಲಸ ಮಾಡಿದೆ. ಚೆಂಡನ್ನು ಬಿಟ್ಟು ಬರೀ ಆಕೆಯ ಕುತ್ತಿಗೆ ನೋಡುತ್ತ ಕೂತೆ. ಚೆಂಡು ಆಚೆ ತುದಿಯಲ್ಲಿದ್ದಾಗಲೂ ಎರಡು ಮೂರು ಸೆಕೆಂಡಿಗೊಮ್ಮೆ ತಲೆ ಹೊರಳಿಸಿ ಭುಜದ ಮೇಲಿಂದ ಹಿಂದೆ ನೋಡುತ್ತಾಳೆ. ಫಾರ್ವರ್ಡ್ ಎಲ್ಲಿದ್ದಾಳೆ, ಗೋಲ್‌ಕೀಪರ್ ಎಷ್ಟು ಮುಂದೆ ಬಂದಿದ್ದಾಳೆ, ನಡುವೆ ಎಷ್ಟು ಜಾಗ ಖಾಲಿ. ವರ್ಷದ ಹಿಂದಿನ ವಿಡಿಯೊದಲ್ಲಿ ಆ ತಲೆ ಗೂಟಕ್ಕೆ ಕಟ್ಟಿದ ಹಾಗೆ ಚೆಂಡಿನ ಕಡೆಗೇ ಇತ್ತು. ಡಿಫೆಂಡರ್ ಬೆಳೆದಿದ್ದಾಳೋ ಇಲ್ಲವೋ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಗುರುತು ನನಗೆ ಗೊತ್ತಿಲ್ಲ. ಟ್ಯಾಕಲ್ ಎಷ್ಟು, ಕ್ಲಿಯರ್ ಎಷ್ಟು ಎಂದು ಎಣಿಸುವವರು ಮೋಸ ಹೋಗುತ್ತಾರೆ. ತಪ್ಪು ಜಾಗದಲ್ಲಿ ನಿಲ್ಲುವವಳಿಗೆ ಟ್ಯಾಕಲ್ ಜಾಸ್ತಿಯೇ ಸಿಗುತ್ತದೆ.

ಇನ್ನು ಬಾಯಿ. ಸ್ಟಾಪರ್ ಮೂಕಿಯಾದರೆ ತಂಡ ಕುರುಡು. ಇಡೀ ಮೈದಾನ ಕಣ್ಣೆದುರಿಗೆ ಇರುವುದು ಅವಳಿಗೆ ಮತ್ತು ಗೋಲ್‌ಕೀಪರ್‌ಗೆ ಮಾತ್ರ. ಮುಂದಿನವರಿಗೆ ಬೆನ್ನ ಹಿಂದಿನದು ಕಾಣದು, ಕೂಗಿ ಹೇಳಬೇಕು. ಬೆಂಗಳೂರಿನ ಕ್ಲಬ್‌ಗಳಲ್ಲಿ ಮಣಿಪುರ, ತಮಿಳುನಾಡು, ಕೇರಳ, ಒಡಿಶಾದ ಹುಡುಗಿಯರು ಇರುತ್ತಾರೆ. ಮೈದಾನದ ಭಾಷೆ ಹಿಂದಿ, ಇಂಗ್ಲಿಷಿನ ಚೂರುಪಾರು. ನಮ್ಮ ಹುಡುಗಿ ಕನ್ನಡ ಮಾಧ್ಯಮದಲ್ಲಿ ಓದಿದವಳು. ಮೊದಲ ಆರು ತಿಂಗಳು ಬಾಯಿ ಬಿಡಲಿಲ್ಲ. ತಪ್ಪು ಮಾತಾಡಿ ನಗೆಪಾಟಲಾಗುವ ಅಂಜಿಕೆ. ಆ ಆರು ತಿಂಗಳು ಅವಳನ್ನು ಬೆಂಚಿನಲ್ಲಿ ಕೂರಿಸಿದ್ದಕ್ಕೆ ಕಾಲಿಗಿಂತ ಬಾಯಿಯೇ ಕಾರಣ ಎಂದು ನಾನು ನಂಬಿದ್ದೇನೆ. ಒಂದು ಅಭ್ಯಾಸ ಪಂದ್ಯದಲ್ಲಿ ಎದುರಾಳಿ ಹಿಂದಿನಿಂದ ನುಗ್ಗುವುದನ್ನು ಕಂಡು ಗಾಬರಿಯಲ್ಲಿ ‘ಲೇ, ಹಿಂದೈತಿ ನೋಡು!’ ಎಂದು ಕಿರುಚಿದಳಂತೆ. ಮಣಿಪುರದ ಮಿಡ್‌ಫೀಲ್ಡರ್‌ಗೆ ಮಾತು ತಿಳಿಯದಿದ್ದರೂ ದನಿ ತಿಳಿಯಿತು, ತಿರುಗಿದಳು, ಚೆಂಡು ಉಳಿಯಿತು. ಅಂದಿನಿಂದ ಆ ತಂಡದ ಅರ್ಧ ಹುಡುಗಿಯರಿಗೆ ‘ಹಿಂದೈತಿ’ ಗೊತ್ತು. ಇವಳಿಗೆ ‘ಮ್ಯಾನ್ ಆನ್’ (ಎದುರಾಳಿ ಹಿಂದಿದ್ದಾಳೆ), ‘ಸ್ಟೆಪ್’ (ಮುಂದೆ ಬಾ), ‘ಡ್ರಾಪ್’ (ಹಿಂದೆ ಸರಿ) ಎಲ್ಲ ನಾಲಿಗೆಯ ಮೇಲೆ ಬಂದವು. ಜಿಲ್ಲೆಯಿಂದ ಮಕ್ಕಳನ್ನು ಕಳಿಸುವಾಗ ಶೂ, ಕಿಟ್ ಎಲ್ಲ ನೋಡಿ ಕಳಿಸುತ್ತೇವೆ. ಮೈದಾನದ ಈ ಮೂವತ್ತು ನಲವತ್ತು ಕೂಗುಗಳನ್ನು ಕಲಿಸಿ ಕಳಿಸಲು ನಮಗೆ ತೋಚಿರಲಿಲ್ಲ. ಈಗ ಕಲಿಸುತ್ತಿದ್ದೇವೆ.

ಹಾಗಾದರೆ ಆಕೆ ಮುಂದೆ ದೇಶಕ್ಕೆ ಆಡುತ್ತಾಳೆಯೇ? ಊರಿನವರು ಕೇಳುವ ಪ್ರಶ್ನೆ ಇದೇ. ಉತ್ತರ ಆಕೆಯ ಕಾಲಿಗಿಂತ ಹೆಚ್ಚಾಗಿ ಒಂದು ಲೆಕ್ಕದಲ್ಲಿದೆ: ಆಕೆಗೆ ಎಷ್ಟು ನಿಮಿಷ ಆಟ ಸಿಗುತ್ತದೆ?

ಹೋಲಿಕೆಗೆ ಒಬ್ಬರನ್ನು ನೋಡೋಣ. ಮಣಿಪುರದ ಹೇಮಮ್ ಶಿಲ್ಕಿ ದೇವಿ ಡಿಫೆಂಡರ್. 2022ರ ಜನವರಿಯಲ್ಲಿ ಭಾರತದಲ್ಲೇ ನಡೆದ ಏಷ್ಯಾ ಕಪ್‌ನ ಹಿರಿಯರ ತಂಡಕ್ಕೆ ಆಯ್ಕೆಯಾದಾಗ ಅವರಿಗೆ 16 ವರ್ಷ. ಅದೇ ವರ್ಷದ ಅಕ್ಟೋಬರ್‌ನಲ್ಲಿ 17 ವರ್ಷದೊಳಗಿನ ವಿಶ್ವಕಪ್ ತಂಡದಲ್ಲೂ ಇದ್ದರು. ಆ ವಿಶ್ವಕಪ್ ನೆನಪಿದ್ದವರಿಗೆ ಆ ಅಂಕಿಗಳೂ ನೆನಪಿರುತ್ತವೆ: ಅಮೆರಿಕದ ಎದುರು 0–8, ಮೊರಾಕೊ ಎದುರು 0–3, ಬ್ರೆಜಿಲ್ ಎದುರು 0–5. ಮೂರು ಪಂದ್ಯದಲ್ಲಿ 16 ಗೋಲು. ಹದಿನಾರರ ಹುಡುಗಿಯರ ಡಿಫೆನ್ಸ್ ಮೇಲೆ ಅಂಥ ಮಳೆ ಸುರಿದರೆ ಆಟ ಬಿಡುವವರೇ ಜಾಸ್ತಿ. ಆದರೆ 2025ರ ಜೂನ್–ಜುಲೈನಲ್ಲಿ ಥಾಯ್ಲೆಂಡ್‌ನ ಚಿಯಾಂಗ್ ಮಾಯ್‌ನಲ್ಲಿ ಏಷ್ಯಾ ಕಪ್ ಅರ್ಹತಾ ಸುತ್ತು ಆಡಿದ ಹಿರಿಯರ ತಂಡದಲ್ಲಿ 19ರ ಶಿಲ್ಕಿ ದೇವಿ ಇದ್ದರು. ಮಂಗೋಲಿಯಾ 13–0, ಟಿಮೋರ್ ಲೆಸ್ತೆ 4–0, ಇರಾಕ್ 5–0, ಕೊನೆಗೆ ಆತಿಥೇಯ ಥಾಯ್ಲೆಂಡ್ 2–1. ಅರ್ಹತಾ ಸುತ್ತು ಗೆದ್ದು ಭಾರತದ ಮಹಿಳೆಯರು ಏಷ್ಯಾ ಕಪ್‌ಗೆ ಹೋದದ್ದು ಅದೇ ಮೊದಲು.

ಪತ್ರಿಕೆಗಳು ಥಾಯ್ಲೆಂಡ್ ಎದುರು ಸಂಗೀತಾ ಬಾಸ್ಫೋರ್ ಹೊಡೆದ ಎರಡು ಗೋಲುಗಳ ಬಗ್ಗೆ ಬರೆದವು, ಬರೆಯಲೇಬೇಕಾದ ಗೋಲುಗಳು. ನನ್ನ ಕಣ್ಣು ನಿಂತದ್ದು ಇನ್ನೊಂದು ಅಂಕಿಯ ಮೇಲೆ. ನಾಲ್ಕು ಪಂದ್ಯದಲ್ಲಿ ಭಾರತ ಬಿಟ್ಟುಕೊಟ್ಟದ್ದು ಒಂದೇ ಗೋಲು. ಮಂಗೋಲಿಯಾವನ್ನು ಬ್ರೆಜಿಲ್ ಜೊತೆ ತೂಗುವುದು ನ್ಯಾಯವಲ್ಲ, ಒಪ್ಪುತ್ತೇನೆ. ಆದರೆ ಥಾಯ್ಲೆಂಡ್ ಎರಡು ಸಲ ವಿಶ್ವಕಪ್ ಆಡಿದ ತಂಡ. ಅವರ ನೆಲದಲ್ಲಿ, ಕೊನೆಯ ಹದಿನೈದು ನಿಮಿಷ ಒಂದು ಗೋಲಿನ ಮುನ್ನಡೆ ಉಳಿಸಿಕೊಂಡದ್ದು ಡಿಫೆನ್ಸ್. ಆ ಹದಿನೈದು ನಿಮಿಷ ನಿಲ್ಲುವ ಗಟ್ಟಿತನ ಒಂದೇ ಶಿಬಿರದಲ್ಲಿ ಬರುವುದಲ್ಲ. ಹದಿನಾರರಿಂದ ಹತ್ತೊಂಬತ್ತರವರೆಗೆ ಆಡಿದ ಆಟ, ತಿಂದ ಏಟು ಎಲ್ಲ ಸೇರಿ ಕಟ್ಟಿದ್ದು. ಭಾರತದ ಪರ ನೂರು ಅಂತರರಾಷ್ಟ್ರೀಯ ಪಂದ್ಯ ಮುಟ್ಟಿದ ಮೊದಲ ಮಹಿಳೆ ಆಶಾಲತಾ ದೇವಿ. ಅವರೂ ಮಣಿಪುರದವರು, ಅವರೂ ಡಿಫೆಂಡರ್. ಇದು ಕಾಕತಾಳೀಯ ಅಂತ ನನಗೆ ಅನ್ನಿಸುವುದಿಲ್ಲ. ಮಣಿಪುರ ರಾಷ್ಟ್ರೀಯ ಮಹಿಳಾ ಚಾಂಪಿಯನ್‌ಷಿಪ್ ಅನ್ನು ಇಪ್ಪತ್ತಕ್ಕೂ ಹೆಚ್ಚು ಸಲ ಗೆದ್ದಿದೆ. ಅಲ್ಲಿ ಹುಡುಗಿಯರಿಗೆ ಆಡಲು ಪಕ್ಕದ ಊರಿನಲ್ಲೇ ತಂಡಗಳಿವೆ.

ನಮ್ಮ ಹುಡುಗಿಗೆ ಹದಿಮೂರರಿಂದ ಹದಿನಾರರವರೆಗೆ ಎಷ್ಟು ಆಟ ಸಿಕ್ಕಿತು? ಅವಳ ಅಮ್ಮ ಸರ್ಟಿಫಿಕೇಟ್‌ಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಜೋಡಿಸಿಟ್ಟಿದ್ದಾರೆ. ಕೂತು ಎಣಿಸಿದೆವು. ವರ್ಷಕ್ಕೆ ನಾಲ್ಕು, ಒಂದು ವರ್ಷ ಐದು. ಅದೂ ಪೂರ್ತಿ ತೊಂಬತ್ತು ನಿಮಿಷದ ಪಂದ್ಯಗಳಲ್ಲ. ಕಾರಣ ಗೊತ್ತಿರುವುದೇ. ಶಾಲಾ ಕ್ರೀಡಾಕೂಟಗಳು ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೇಲೇರುವ ನಾಕೌಟ್. ಸೋತವರು ಅಂದೇ ಸಂಜೆ ಬಸ್ ಹತ್ತುತ್ತಾರೆ. ಆಟ ಕಲಿಯಬೇಕಾದ ದುರ್ಬಲ ತಂಡಕ್ಕೆ ಅತಿ ಕಡಿಮೆ ಆಟ ಸಿಗುವಂಥ ಏರ್ಪಾಡು ಇದು. ಅದರ ಮೇಲೆ ದಾವಣಗೆರೆ, ಚಿತ್ರದುರ್ಗ ಎರಡೂ ಬೆಂಗಳೂರು ವಿಭಾಗಕ್ಕೆ ಸೇರುತ್ತವೆ. ಹಾಗಾಗಿ ರಾಜ್ಯಮಟ್ಟಕ್ಕೆ ಹೋಗಬೇಕೆಂದರೆ ಮೊದಲು ಬೆಂಗಳೂರಿನ ಶಾಲೆಗಳನ್ನೇ ದಾಟಬೇಕು. ಅಲ್ಲಿಯ ಮಕ್ಕಳು ಅಕಾಡೆಮಿಯಲ್ಲಿ ವಾರಕ್ಕೆ ನಾಲ್ಕು ದಿನ ಆಡಿ ಬಂದವರು, ನಮ್ಮವರು ಕ್ರೀಡಾಕೂಟಕ್ಕೆ ಹದಿನೈದು ದಿನ ಇದ್ದಾಗ ಸೇರಿದ ಹನ್ನೊಂದು ಮಂದಿ. ಮೊದಲ ಪಂದ್ಯಕ್ಕೇ ಆರೇಳು ಗೋಲು ತಿಂದು ಬರುವುದು ಮಾಮೂಲು. ಇದನ್ನು ಕಂಡ ಹೆಡ್‌ಮಾಸ್ಟರ್‌ಗಳು ಮುಂದಿನ ವರ್ಷ ಕಬಡ್ಡಿ ತಂಡಕ್ಕಷ್ಟೇ ಬಸ್ ಚಾರ್ಜು ಕೊಡುತ್ತಾರೆ. ಅವರನ್ನು ದೂರುವುದಕ್ಕೆ ನನಗೆ ಮನಸ್ಸಾಗುವುದಿಲ್ಲ. ಇರುವ ದುಡ್ಡು ಎಲ್ಲಿ ಫಲ ಕೊಡುತ್ತದೋ ಅಲ್ಲಿ ಹಾಕುತ್ತಾರೆ.

ಫಾರ್ವರ್ಡ್‌ಗಿಂತ ಡಿಫೆಂಡರ್‌ಗೆ ಈ ಕೊರತೆ ಹೆಚ್ಚು ಹೊಡೆಯುತ್ತದೆ. ಚೆಂಡು ಒದೆಯುವುದು, ಡ್ರಿಬಲ್ ಮಾಡುವುದು, ಗೋಡೆಗೆ ಹೊಡೆದು ವಾಪಸ್ ಹಿಡಿಯುವುದು ಒಬ್ಬಳೇ ಮಾಡಬಹುದಾದ ಅಭ್ಯಾಸ. ಆಫ್‌ಸೈಡ್ ಗೆರೆ ಹಿಡಿದು ನಿಲ್ಲುವುದನ್ನು ಒಬ್ಬಳೇ ಹೇಗೆ ಕಲಿಯುವುದು? ಯಾವಾಗ ಮುಂದೆ ಹೋಗಬೇಕು, ಯಾವಾಗ ಹಿಂದೆ ಸರಿಯಬೇಕು ಎಂಬ ನಿರ್ಧಾರಕ್ಕೆ ಎದುರಿಗೆ ಹನ್ನೊಂದು ಜನ, ಪಕ್ಕದಲ್ಲಿ ಹತ್ತು ಜನ ಬೇಕೇ ಬೇಕು. ಸ್ಟಾಪರ್ ಆಗಲು ಬೇಕಾದ ಸಾಮಾನು ಇಪ್ಪತ್ತೊಂದು ಮಂದಿ.

ಕ್ಲಬ್ ಸೇರಿದ ಮೇಲಾದರೂ ಈ ಹಸಿವು ತೀರುತ್ತದೆಯೇ ಎಂದರೆ ಅರ್ಧಂಬರ್ಧ. ದೇಶದ ಮೇಲಿನ ಹಂತ ಇಂಡಿಯನ್ ವಿಮೆನ್ಸ್ ಲೀಗ್. 2016–17ರಲ್ಲಿ ಶುರುವಾದದ್ದು. ಮೊದಲು ಎಲ್ಲ ತಂಡಗಳನ್ನು ಒಂದೇ ಊರಿಗೆ ಕರೆಸಿ ಕೆಲವು ವಾರಗಳಲ್ಲಿ ಮುಗಿಸುತ್ತಿದ್ದರು. 2023ರಲ್ಲಿ ಅಹಮದಾಬಾದ್‌ನಲ್ಲಿ ಹಾಗೆ ನಡೆದ ಲೀಗಿನ ಫೈನಲ್‌ವರೆಗೆ ಬೆಂಗಳೂರಿನ ಕಿಕ್‌ಸ್ಟಾರ್ಟ್ ಹೋಗಿತ್ತು, ಅಲ್ಲಿ ಗೋಕುಲಂ ಕೇರಳ ಎದುರು 0–5ರಿಂದ ಸೋತಿತು. ಮುಂದಿನ ಎರಡು ಋತುಗಳಲ್ಲಿ ಪುರುಷರ ಲೀಗಿನಂತೆ ತವರಿನಲ್ಲೊಂದು, ಎದುರಾಳಿಯ ಊರಿನಲ್ಲೊಂದು ಪಂದ್ಯ ನಡೆದವು. ದೊಡ್ಡ ಸುಧಾರಣೆ, ಅನುಮಾನವಿಲ್ಲ. ಆದರೂ 2024–25ರಲ್ಲಿ ಇದ್ದದ್ದು ಎಂಟು ತಂಡ. ಅಂದರೆ ಒಂದು ತಂಡಕ್ಕೆ 14 ಪಂದ್ಯ, ಒಂದೂ ತಪ್ಪದೆ ಪೂರ್ತಿ ಆಡಿದವಳಿಗೆ 1,260 ನಿಮಿಷ. ಅದೇ ಋತುವಿನಲ್ಲಿ ಇಂಗ್ಲೆಂಡಿನ ಮಹಿಳಾ ಲೀಗಿನಲ್ಲಿ ಪ್ರತಿ ತಂಡಕ್ಕೆ 22 ಪಂದ್ಯ, ಅದರ ಜೊತೆ ಕಪ್‌ಗಳು ಬೇರೆ.

ಆ 14 ಪಂದ್ಯದಲ್ಲೂ ಹದಿನೇಳರ ಸ್ಟಾಪರ್‌ಗೆ ಜಾಗ ಸಿಗುವುದು ಸುಲಭವಲ್ಲ. ಫಾರ್ವರ್ಡ್ ಆದರೆ ಕೊನೆಯ ಇಪ್ಪತ್ತು ನಿಮಿಷಕ್ಕೆ ಇಳಿಸಿ ನೋಡುತ್ತಾರೆ. ಗೋಲು ಹೊಡೆಯದಿದ್ದರೆ ನಷ್ಟವೇನಿಲ್ಲ. ಸ್ಟಾಪರ್‌ಳನ್ನು ಆಟದ ನಡುವೆ ಬದಲಿಸುವುದು ಯಾರಾದರೂ ಗಾಯಗೊಂಡರೆ ಮಾತ್ರ. ಅವಳ ಒಂದು ತಪ್ಪಿಗೆ ಇಡೀ ಪಂದ್ಯ ಹೋಗುತ್ತದೆ. ಹಾಗಾಗಿ ಕೋಚ್‌ಗಳು ಇಪ್ಪತ್ತಾರು ಇಪ್ಪತ್ತೇಳರ ಅನುಭವಿಗಳನ್ನೇ ನೆಚ್ಚುತ್ತಾರೆ. ನಮ್ಮ ಹುಡುಗಿ ಈಗ ಹೆಚ್ಚಾಗಿ ಆಡುತ್ತಿರುವುದು ರಾಜ್ಯ ಮಟ್ಟದ ಪಂದ್ಯಗಳಲ್ಲಿ. ನನ್ನ ಅಭಿಪ್ರಾಯದಲ್ಲಿ ಅದೇ ಸರಿ. ದೊಡ್ಡ ಲೀಗಿನ ಬೆಂಚಿನಲ್ಲಿ ಜೆರ್ಸಿ ಹಾಕಿ ಕೂತು ಫೋಟೊ ತೆಗೆಸಿಕೊಳ್ಳುವುದಕ್ಕಿಂತ ಸಣ್ಣ ಪಂದ್ಯದಲ್ಲಿ ತೊಂಬತ್ತು ನಿಮಿಷ ಕೂಗಿ ಗಂಟಲು ಕಟ್ಟಿಸಿಕೊಳ್ಳುವುದು ಮೇಲು. ಊರಿನಲ್ಲಿ ಕೆಲವರು ‘ಇನ್ನೂ ಮೇನ್ ಟೀಮಿಗೆ ತಗಂಡಿಲ್ವಂತೆ’ ಎಂದು ಕನಿಕರ ತೋರಿಸುತ್ತಾರೆ. ಕನಿಕರದ ಅಗತ್ಯ ಇಲ್ಲ.

ಆದರೆ ಒಂದು ವಿಷಯದಲ್ಲಿ ದೊಡ್ಡ ಲೀಗ್ ಬೇಕೇ ಬೇಕು. ಕ್ಲಬ್‌ಗಳು ವಿದೇಶಿ ಆಟಗಾರ್ತಿಯರನ್ನು ತರುವಾಗ ಹೆಚ್ಚಾಗಿ ಗೋಲು ಹೊಡೆಯುವವರನ್ನು ತರುತ್ತವೆ. 2024–25ರಲ್ಲಿ ಅತಿ ಹೆಚ್ಚು, 24 ಗೋಲು ಹೊಡೆದದ್ದು ಗೋಕುಲಂ ಪರ ಆಡಿದ ಉಗಾಂಡಾದ ಫಾಜಿಲಾ ಇಕ್ವಾಪುಟ್. ಭಾರತದ ಫಾರ್ವರ್ಡ್‌ಗಳಿಗೆ ಇದರಿಂದ ಜಾಗ ಕಡಿಮೆಯಾಗುತ್ತದೆ ಎಂಬ ದೂರು ಇದೆ, ಅದರಲ್ಲಿ ಹುರುಳೂ ಇದೆ. ಡಿಫೆಂಡರ್‌ಗಳ ಕಡೆಯಿಂದ ನೋಡಿದರೆ ಮಾತ್ರ ಇದೇ ದೊಡ್ಡ ಪಾಠಶಾಲೆ. ತನಗಿಂತ ಬಲವಾದ, ವೇಗದ, ಬೆನ್ನು ಕೊಟ್ಟು ಚೆಂಡು ಕಾಯಬಲ್ಲ ಫಾರ್ವರ್ಡ್ ಎದುರು ವಾರಕ್ಕೊಮ್ಮೆ ನಿಂತವಳಿಗೆ ಏಷ್ಯಾದ ತಂಡಗಳ ಎದುರು ನಿಲ್ಲುವಾಗ ಕಾಲು ನಡುಗುವುದಿಲ್ಲ. ನಮ್ಮ ಹುಡುಗಿ ಮುಂದಿನ ಎರಡು ವರ್ಷದಲ್ಲಿ ಅಂಥ ಐದಾರು ಪಂದ್ಯ ಆಡಿದರೂ ಸಾಕು, ಆಗ ಅವಳ ಮಟ್ಟ ನಿಜವಾಗಿ ಗೊತ್ತಾಗುತ್ತದೆ.

ಮೈಯ ಮಾತೂ ಆಡಬೇಕು, ನಾವು ಗಂಡಸರು ಮೈದಾನದಲ್ಲಿ ಇದನ್ನು ನುಂಗಿಕೊಳ್ಳುತ್ತೇವೆ. ಮೊಣಕಾಲಿನೊಳಗಿನ ಮುಖ್ಯ ಲಿಗಮೆಂಟ್ ಹರಿಯುವ ಅಪಾಯ ಒಂದೇ ಆಟ ಆಡುವ ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು. ಅದರಲ್ಲೂ ಓಡುತ್ತಿದ್ದವಳು ಥಟ್ಟನೆ ನಿಂತು ತಿರುಗುವಾಗ, ಹೆಡ್ ಮಾಡಿ ಒಂದೇ ಕಾಲಿನ ಮೇಲೆ ಇಳಿಯುವಾಗ. ಸ್ಟಾಪರ್‌ಗೆ ದಿನವಿಡೀ ಇದೇ ಕೆಲಸ. ಫಿಫಾ ರೂಪಿಸಿದ ‘ಹನ್ನೊಂದು ಪ್ಲಸ್’ ಎಂಬ ವಾರ್ಮ್‌ಅಪ್ ಇದೆ. 15 ವ್ಯಾಯಾಮ, ಸುಮಾರು 20 ನಿಮಿಷ, ಯಾವ ಸಾಮಾನೂ ಬೇಡ. ನಾರ್ವೆಯಲ್ಲಿ 13ರಿಂದ 17 ವರ್ಷದ ಹುಡುಗಿಯರ ಮೇಲೆ ಇದನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಾಯಗಳು ಸುಮಾರು ಮೂರನೇ ಒಂದರಷ್ಟು ಕಡಿಮೆಯಾದವು, ತೀವ್ರ ಗಾಯಗಳು ಇನ್ನೂ ಹೆಚ್ಚು ಇಳಿದವು. ಬೇಸಿಗೆಯಲ್ಲಿ ನಮ್ಮ ಕಡೆಯ ನೆಲ ಕಲ್ಲಾಗುತ್ತದೆ. ಅದರ ಮೇಲೆ ಎರಡು ಸುತ್ತು ಓಡಿಸಿ ಆಟಕ್ಕೆ ಬಿಡುತ್ತಿದ್ದೆವಲ್ಲ ಎಂದು ನೆನೆದರೆ ಈಗ ನನಗೆ ಹೊಟ್ಟೆ ಕಿವುಚುತ್ತದೆ. ಈ ಹುಡುಗಿ ಬೆಂಗಳೂರಿನಲ್ಲಿ ಆ ವ್ಯಾಯಾಮ ಕಲಿತು ರಜೆಗೆ ಬಂದಾಗ ನಮಗೆ ಕಲಿಸಿಕೊಟ್ಟಳು.

ರಕ್ತಹೀನತೆ ಇನ್ನೊಂದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15–19ರ ಹುಡುಗಿಯರಲ್ಲಿ ಶೇ 59ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಎಪ್ಪತ್ತನೇ ನಿಮಿಷಕ್ಕೆ ಕಾಲು ಸೋಲುವ ಹುಡುಗಿಯನ್ನು ‘ಸ್ಟ್ಯಾಮಿನಾ ಇಲ್ಲ’ ಎಂದು ಬೈಯುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಇವಳದೂ ಹಾಗೇ ಆಗಿತ್ತು. ಕ್ಲಬ್ ಸೇರಿದ ಮೇಲೆ ಪರೀಕ್ಷೆಯಾಗಿ, ಮಾತ್ರೆ ನುಂಗಿ, ಮೊಟ್ಟೆ, ಸೊಪ್ಪು, ಶೇಂಗಾ ತಿಂದು ನಾಲ್ಕು ತಿಂಗಳಲ್ಲಿ ಕೊನೆಯ ಇಪ್ಪತ್ತು ನಿಮಿಷದ ಓಟ ಬೇರೆಯೇ ಆಯಿತು. ನಾವು ಮೂರು ವರ್ಷ ಅದನ್ನು ಸೋಮಾರಿತನ ಎಂದುಕೊಂಡಿದ್ದೆವು.

ದುಡ್ಡಿನ ವಿಷಯಕ್ಕೆ ಬಂದರೆ, ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ 2023ರಲ್ಲಿ ಒಂದು ನಿಯಮ ಘೋಷಿಸಿತು: 2024–25ರಿಂದ ಮೇಲಿನ ಲೀಗಿನ ಪ್ರತಿ ಕ್ಲಬ್ ಕನಿಷ್ಠ ಹತ್ತು ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ ಕನಿಷ್ಠ 3.2 ಲಕ್ಷ ರೂಪಾಯಿಯ ವೃತ್ತಿಪರ ಒಪ್ಪಂದ ಕೊಡಬೇಕು. ತಿಂಗಳಿಗೆ ಇಪ್ಪತ್ತಾರು ಸಾವಿರ ಚಿಲ್ಲರೆ. ಮಂಡಕ್ಕಿ ಭಟ್ಟಿಯ ಕೂಲಿಯ ಪಕ್ಕ ಇಟ್ಟು ನೋಡಿದರೆ ಅದು ದೊಡ್ಡ ಮೊತ್ತ. ಆದರೆ ಒಂದು ತಂಡದಲ್ಲಿ ಹತ್ತು ಮಂದಿಗೆ ಎಂದರೆ ಉಳಿದವರಿಗೆ ಯಾವ ಖಾತರಿಯೂ ಇಲ್ಲ, ಮತ್ತು ಹದಿನೇಳರ ಹುಡುಗಿ ಮೊದಲ ಹತ್ತರಲ್ಲಿ ಬರುವುದು ಅಪರೂಪ. ಅವಳ ಅಮ್ಮ ನನ್ನನ್ನು ಕೇಳಿದ ಪ್ರಶ್ನೆ ಈಗಲೂ ಕಿವಿಯಲ್ಲಿದೆ. ‘ಅಲ್ರೀ ಸರ್, ಗೋಲ್ ಹೊಡ್ಯಾರ ಹೆಸ್ರು ಪೇಪರ್ನಾಗೆ ಬರ್ತೈತಿ. ನಮ್ಮವ್ಳು ತಡೆಯಾಕಿ. ತಡೆದಿದ್ದು ಯಾರಿಗ್ ಕಾಣ್ತೈತ್ರಿ? ನಾಳೆ ಕೆಲ್ಸ ಕೊಡಾರು ಏನ್ ನೋಡಿ ಕೊಡ್ತಾರೆ?’ ಆಯ್ಕೆದಾರರು ಇಡೀ ಪಂದ್ಯ ನೋಡುತ್ತಾರೆ ಎಂದು ಸಮಾಧಾನ ಹೇಳಿದೆ. ಎಲ್ಲರೂ ನೋಡುವುದಿಲ್ಲ ಎಂಬುದು ನನಗೂ ಗೊತ್ತು. ಅದಕ್ಕೇ ಈಗ ಅವಳ ಪ್ರತಿ ಪಂದ್ಯವನ್ನೂ ಪೂರ್ತಿ ರೆಕಾರ್ಡ್ ಮಾಡಿಸಿ ಇಡುತ್ತಿದ್ದೇವೆ. ತುಣುಕು ಕೇಳಿದವರಿಗೂ ಇಡೀ ಪಂದ್ಯವನ್ನೇ ಕಳಿಸುತ್ತೇವೆ.

ಇದರಲ್ಲಿ ಊರಿನ ಪಾಲು ಏನು ಎಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ. ಹುಡುಗರ ಫುಟ್‌ಬಾಲ್‌ನಲ್ಲಿ ಫಿಫಾದ ಒಂದು ನಿಯಮವಿದೆ. ಆಟಗಾರ ಮೊದಲ ಸಲ ವೃತ್ತಿಪರ ಒಪ್ಪಂದಕ್ಕೆ ಸಹಿ ಹಾಕಿದಾಗ ಚಿಕ್ಕಂದಿನಲ್ಲಿ ಅವನನ್ನು ತಯಾರು ಮಾಡಿದ ಕ್ಲಬ್‌ಗಳಿಗೆ ತರಬೇತಿ ಪರಿಹಾರ ಎಂದು ಹಣ ಸಲ್ಲಬೇಕು. ಅದೇ ನಿಯಮಾವಳಿ, ಮಹಿಳಾ ಫುಟ್‌ಬಾಲ್‌ಗೆ ಈ ತತ್ವ ಅನ್ವಯಿಸುವುದಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ಅದಕ್ಕೆ ಅವರು ಕೊಡುವ ಕಾರಣ, ಹಣದ ಹೊರೆ ಬಿದ್ದರೆ ಕ್ಲಬ್‌ಗಳು ಹುಡುಗಿಯರನ್ನು ಸೇರಿಸಿಕೊಳ್ಳಲು ಹಿಂಜರಿಯುತ್ತವೆ ಎಂಬುದು. ಕಾರಣದಲ್ಲಿ ತಥ್ಯವಿದೆ. ಆದರೆ ಪರಿಣಾಮವನ್ನೂ ನೋಡಬೇಕು. ಜಿಲ್ಲೆಯಲ್ಲಿ ಕ್ಲಬ್ ಕಟ್ಟಿದವರು ಹುಡುಗರ ತಂಡಕ್ಕೆ ಹಾಕಿದ ದುಡ್ಡು ಒಂದಲ್ಲ ಒಂದು ದಿನ ಮರಳಬಹುದು, ಹುಡುಗಿಯರ ತಂಡಕ್ಕೆ ಹಾಕಿದ್ದು ಈ ದಾರಿಯಲ್ಲಿ ಮರಳುವುದಿಲ್ಲ. ಹಾಗಾಗಿ ಸಣ್ಣ ಊರುಗಳಲ್ಲಿ ಹುಡುಗಿಯರ ತಂಡ ನಿಲ್ಲುವುದು ಯಾರೋ ಒಬ್ಬಿಬ್ಬರ ಹುರುಪಿನ ಮೇಲೆ. ಅವರಿಗೆ ವರ್ಗಾವಣೆಯಾದರೆ ತಂಡವೂ ಚದುರುತ್ತದೆ.

ಕರ್ನಾಟಕಕ್ಕೆ ಈ ಆಟ ಹೊಸತೂ ಅಲ್ಲ. ದೇಶದಲ್ಲಿ ಮಹಿಳಾ ಫುಟ್‌ಬಾಲ್‌ಗೆ ಪ್ರತ್ಯೇಕ ಫೆಡರೇಶನ್ ಹುಟ್ಟಿದ್ದು 1975ರಲ್ಲಿ, 1983ರಲ್ಲಿ ಬ್ಯಾಂಕಾಕ್‌ನ ಏಷ್ಯಾ ಕೂಟದಲ್ಲಿ ಭಾರತ ರನ್ನರ್ಸ್ ಅಪ್. ಆ ಕಾಲದಲ್ಲಿ ಬೆಂಗಳೂರಿನ ಗೋಲ್‌ಕೀಪರ್ ಚಿತ್ರಾ ಗಂಗಾಧರನ್ ಏಷ್ಯಾದ ಆಲ್ ಸ್ಟಾರ್ ತಂಡಕ್ಕೆ ಆಯ್ಕೆಯಾಗಿದ್ದರು. ಅಂದರೆ ಗೋಲು ಕಾಯುವವರನ್ನು ಈ ರಾಜ್ಯ ಮೊದಲೇ ಕೊಟ್ಟಿದೆ. ಬೆಂಗಳೂರಿನಿಂದ 260 ಕಿಲೋಮೀಟರ್ ದಾಟಿ ನಮ್ಮೂರಿಗೆ ಆ ಆಟ ಬರಲಿಲ್ಲ.

ಹಾಗಾದರೆ ಏನು ಮಾಡಬಹುದು ಎಂದರೆ ನನ್ನ ಬೇಡಿಕೆ ಸಣ್ಣದು. ದಾವಣಗೆರೆ, ಚಿತ್ರದುರ್ಗ, ಶಿವಮೊಗ್ಗ, ಹಾವೇರಿ: ನಾಲ್ಕು ಜಿಲ್ಲೆಗಳ ಹುಡುಗಿಯರ ಆರೇಳು ತಂಡಗಳು ಭಾನುವಾರಗಳಲ್ಲಿ ಒಬ್ಬರ ಊರಿಗೆ ಒಬ್ಬರು ಹೋಗಿ ಆಡುವ ಲೀಗ್. ನಾಕೌಟ್ ಬೇಡ, ಟ್ರೋಫಿಗೆ ದೊಡ್ಡ ಖರ್ಚೂ ಬೇಡ. ಈ ಊರುಗಳೆಲ್ಲ ಬಸ್ಸಿನಲ್ಲಿ ಬೆಳಿಗ್ಗೆ ಹೊರಟು ಸಂಜೆ ಮರಳುವಷ್ಟು ಹತ್ತಿರ. ಏಳು ತಂಡವಾದರೆ ಒಬ್ಬೊಬ್ಬರಿಗೆ 12 ಪಂದ್ಯ. ಪ್ಲಾಸ್ಟಿಕ್ ಫೈಲಿನಲ್ಲಿ ಎಣಿಸಿದ ನಾಲ್ಕರ ಪಕ್ಕ ಈ ಹನ್ನೆರಡನ್ನು ಇಟ್ಟು ನೋಡಿ. ಮೂರು ವರ್ಷಕ್ಕೆ 36 ಪಂದ್ಯ ಆಡಿ ಹದಿನಾರಕ್ಕೆ ಬೆಂಗಳೂರಿಗೆ ಹೋಗುವ ಹುಡುಗಿಗೆ ನಮ್ಮ ಹುಡುಗಿ ಎರಡು ವರ್ಷ ಕಷ್ಟಪಟ್ಟು ಬಿಟ್ಟ ಚಾಳಿಗಳನ್ನು ಬಿಡಿಸುವ ಕೆಲಸವೇ ಇರುವುದಿಲ್ಲ.

ಈ ಸಲ ಯುಗಾದಿ ರಜೆಗೆ ಆಕೆ ನಾಲ್ಕು ದಿನ ಊರಿಗೆ ಬಂದಿದ್ದಳು. ಬೇವು-ಬೆಲ್ಲ ತಿಂದ ಮಾರನೆಯ ದಿನ ಬೆಳಿಗ್ಗೆ ಆರಕ್ಕೇ ಮೈದಾನದಲ್ಲಿ ಹಾಜರು. ಹುಡುಗಿಯರು ಬಂದದ್ದು ಒಂಬತ್ತು ಮಂದಿ, ಎರಡು ತಂಡ ಆಗುವುದಿಲ್ಲ. ಪಕ್ಕದಲ್ಲಿ ಕ್ರಿಕೆಟ್ ಆಡುತ್ತಿದ್ದ ಸಣ್ಣ ಹುಡುಗರನ್ನು ಕರೆದು ಎದುರು ನಿಲ್ಲಿಸಿದಳು. ತಾನು ಆಡಲಿಲ್ಲ. ಗೋಲಿನ ಪಕ್ಕ ನಿಂತು ಏಳನೇ ಕ್ಲಾಸಿನ ಒಂದು ಹುಡುಗಿಯನ್ನು ಸ್ಟಾಪರ್ ಜಾಗದಲ್ಲಿ ಬಿಟ್ಟಳು. ಅದೂ ಕಬಡ್ಡಿಯ ಮಗುವೇ. ಚುರುಕು ಹುಡುಗನೊಬ್ಬ ಚೆಂಡು ತಳ್ಳಿಕೊಂಡು ಬಂದ ಕೂಡಲೇ ಆ ಮಗು ಕಾಲಿಗೆ ಬಿತ್ತು, ಅವನು ಹಾರಿಕೊಂಡು ಹೋಗಿ ಗೋಲು ಹೊಡೆದ. ಮಗು ಮಣ್ಣು ಒರೆಸಿಕೊಳ್ಳುತ್ತ ಎದ್ದು ನಿಂತಾಗ ಇವಳು ಹತ್ತಿರ ಹೋಗಿ ಅದರ ಎರಡೂ ಭುಜ ಹಿಡಿದು ಓರೆಯಾಗಿ ತಿರುಗಿಸಿದಳು. ಒಂದು ಕಾಲನ್ನು ತನ್ನ ಕಾಲಿನಿಂದಲೇ ಹಿಂದಕ್ಕೆ ಸರಿಸಿದಳು.

‘ಬೀಳಬ್ಯಾಡ. ನಿಂತ್ಕ. ಅವನೇ ಗಾಬರಿ ಆಗ್ತಾನೆ, ನೋಡು.’

ಮೂರನೇ ಸಲಕ್ಕೆ ಆ ಹುಡುಗ ಚೆಂಡನ್ನು ತಾನೇ ಗೆರೆಯಾಚೆ ಒದ್ದುಕೊಂಡ.